ಉಪ್ಪು ನೋಡುವವಳು

ಎಣ್ಣೆ ಹೊಗೆ ಕುಡಿಯಬೇಡಿ ಅಂದಿದ್ದಾರೆ ಡಾಕ್ಟರು.
ನೆಗಡಿ ಹತ್ತಿ ಒಂಬತ್ತು ದಿನ,
ಕರ್ಪೂರ ಮೂಗಿಗೆ ಹಿಡಿದರೂ ಸುದ್ದಿಯಿಲ್ಲ.
ಹಾಗಾಗಿ ಬಜ್ಜಿ ಇಲ್ಲ, ಅಂಬೊಡೆ ಇಲ್ಲ,
ಬಾಣಲೆಯನ್ನು ಮೊಳೆಗೆ ನೇತುಹಾಕಿ
ಚಾಕು, ಮಣೆ ಹಿಡಿದು ಕೂತಿದ್ದೇನೆ.

ಸಂಜೆ ಐದಕ್ಕೆ ಹತ್ತೊಂಬತ್ತು ಹೆಂಗಸರು.
ಇಪ್ಪತ್ತು ತಿಂಗಳ ಚೀಟಿ ಇವತ್ತಿಗೆ ಚುಕ್ತಾ.
ಮಂಡ್ಯದ ಶುಗರ್ ಟೌನಿನಲ್ಲಿ ನಮ್ಮದು ಎರಡೇ ಕೋಣೆ,
ಕುರ್ಚಿ ಆರು, ಜಮಖಾನ ಒಂದು,
ತಟ್ಟೆ ಕಡಿಮೆ ಬಿದ್ದು ಪಕ್ಕದ ಮನೆ ಗುಲ್ನಾಜ್ ಕೊಟ್ಟ
ಹೂವಿನಂಚಿನ ಗಾಜಿನ ಪ್ಲೇಟು.
'ಒಡೆದರೂ ಚಿಂತೆಯಿಲ್ಲ' ಅಂದಳು;
ಅಂದ ರೀತಿಯಲ್ಲೇ ಚಿಂತೆ ಇತ್ತು.

ನಿಪ್ಪಟ್ಟು ನೆಗಡಿಗೆ ಮುಂಚೆ ತಟ್ಟಿ ಕರಿದದ್ದು,
ಹಾರ್ಲಿಕ್ಸ್ ಡಬ್ಬಿಯಲ್ಲಿ ಗಟ್ಟಿಯಾಗಿ ಕೂತಿದೆ.
ಮೇಲೆ ಒಂದು ಬೆರಳು ಪುದೀನ ಚಟ್ನಿ,
ಈರುಳ್ಳಿ, ತುರಿದ ಕ್ಯಾರೆಟ್ಟು.
ಒಂದೇ ಬಾಯಿಗೆ ಹೋಗುವಷ್ಟಿರಬೇಕು. ದೊಡ್ಡದಾದರೆ
ಕಚ್ಚುವಾಗ ಒಡೆದು ಸೀರೆ ಮೇಲೆ ಬೀಳುತ್ತೆ,
ರೇಷ್ಮೆ ಉಟ್ಟು ಬರುವವರ ಶಾಪ ಯಾಕೆ.

ಸೌತೆಕಾಯಿ ಬಿಲ್ಲೆ ಬೆರಳು ದಪ್ಪ.
ನಡುವೆ ಚಮಚದಲ್ಲಿ ಚೂರು ಗುಳಿ ಕೊರೆದು
ಹೆಸರುಬೇಳೆ ಕೋಸಂಬರಿ ತುಂಬುವುದು.
ಇದು ನನ್ನದೇ ಉಪಾಯ. ಅತ್ತೆ ಇದ್ದಿದ್ದರೆ
'ಕೋಸಂಬರಿಗೆ ಬಟ್ಟಲು ಯಾಕೆ, ಅಂಗೈ ಇಲ್ವಾ?'
ಅನ್ನುತ್ತಿದ್ದರು.

ಕಡ್ಲೆಪುರಿ ಕೊನೆಗೆ. ಈಗಲೇ ಕಲೆಸಿದರೆ
ಟೊಮೇಟೊ ನೀರು ಕುಡಿದು
ಮದುವೆಯ ಮಾರನೇ ದಿನದ ಚಪ್ಪರದ ಹಾಗೆ ಕುಸಿಯುತ್ತೆ.

ಎಲ್ಲ ಸರಿ. ಉಪ್ಪು?
ನಾಲಿಗೆಗೆ ಇಟ್ಟೆ. ಒದ್ದೆ ಕಾಗದ.
ಮಗ ಟ್ಯೂಷನ್ನಿಗೆ, ಇವರು ಡ್ಯೂಟಿಗೆ,
ಗುಲ್ನಾಜ್ ಮನೆಗೆ ಆಗಲೇ ಬೀಗ.

ಆಗ ಗೇಟಿನ ಸದ್ದು. ನಾಲ್ಕೂಕಾಲು.
ಯಾರೂ ಬರಬಾರದ ಹೊತ್ತಿಗೆ
ಜಯಶೀಲ.

ಹನ್ನೊಂದನೇ ತಿಂಗಳ ಕೂಗಿನಲ್ಲಿ
ಮಗನ ಫೀಸಿಗೆಂದು ಕೈಯೆತ್ತಿದ್ದೆ ನಾನು.
ಏಳು ಸಾವಿರ ಬಿಡ್ತೀನಿ ಅಂದೆ. ಅವಳು ಎಂಟು ಅಂದಳು.
ನಾನು ಎಂಟೂವರೆ. ಅವಳು ಹತ್ತು,
ಕಣ್ಣು ಮಿಟುಕಿಸದೆ, ನನ್ನ ಮುಖ ನೋಡದೆ.
ಅದಾಗಿ ಒಂಬತ್ತು ತಿಂಗಳು.
ತರಕಾರಿ ಗಾಡಿಯ ಹತ್ತಿರ ಎದುರಾದರೆ
ಅವಳು ಬದನೆ ನೋಡುವಳು, ನಾನು ಬೀನ್ಸು.

'ಬೇಗ ಬಂದೆ, ಒಂದು ಕೈ ಸೇರಿಸೋಣ ಅಂತ'
ಅಂದಳು ಹೊಸ್ತಿಲಾಚೆಯಿಂದ. ಚಪ್ಪಲಿ ಬಿಟ್ಟಿರಲಿಲ್ಲ.
ನಾನು ಬಾ ಅನ್ನಲಿಲ್ಲ. ಅನ್ನಬೇಕಿತ್ತು.
ಬಾಯಿಗೆ ಬಂದದ್ದು ಇಷ್ಟೇ:
'ನೆಗಡಿ ನಂಗೆ. ಸ್ವಲ್ಪ ಉಪ್ಪು ನೋಡು.'

ಅಂಗೈ ಒಡ್ಡಿದಳು.
ಒಂದು ಚಮಚ ಕೋಸಂಬರಿ ಹಾಕಿದೆ.
ಕೈಯಲ್ಲಿ ಬರೀ ಗಾಜಿನ ಬಳೆ.
ಆ ಜೋಡಿ ಚಿನ್ನದ್ದು ಎಲ್ಲಿ ಅಂತ ಕೇಳಲಿಲ್ಲ.
ಕಣ್ಣು ಮುಚ್ಚಿ ಅಗಿದಳು, ಲೆಕ್ಕ ಕೂಡುವವಳ ಹಾಗೆ.

'ಸಾಲದು ಕಣಮ್ಮಿ.'

ಸಾಲದ ಮಾತಲ್ಲ, ಉಪ್ಪಿನದು. ಆದರೂ
ಒಂದು ಗಳಿಗೆ ಇಬ್ಬರೂ ನಲ್ಲಿಯ ಕಡೆ ನೋಡಿದೆವು.
ಆಮೇಲೆ ಅವಳೇ ಉಪ್ಪಿನ ಜಾಡಿ ಎಳೆದುಕೊಂಡು
ಮೂರು ಬೆರಳಲ್ಲಿ ಉದುರಿಸಿ, ನಿಂಬೆ ಹಿಂಡಿ,
ಬಿದ್ದ ಬೀಜ ಆಯ್ದು,
'ಈರುಳ್ಳಿ ಇಷ್ಟು ದಪ್ಪ ಹೆಚ್ಚೋದಾ?' ಅಂತ ಬೈದು
ಸೆರಗು ಸಿಕ್ಕಿಸಿದಳು.

ಐದಕ್ಕೆ ಬಂದವರು ಯಾರೂ ಕುರ್ಚಿ ಹಿಡಿಯಲಿಲ್ಲ.
ಅಡುಗೆಮನೆ ಬಾಗಿಲಲ್ಲೇ ನಿಂತು
ಒಬ್ಬರ ಭುಜದ ಮೇಲಿಂದ ಇನ್ನೊಬ್ಬರು ಕೈ ಚಾಚಿ
ತುಂಬಿದ ಬಿಲ್ಲೆ ತುಂಬಿದ ಹಾಗೇ ಖಾಲಿ.
ಹೂವಿನಂಚಿನ ಪ್ಲೇಟು ನಡುಮನೆ ಮುಟ್ಟಲೇ ಇಲ್ಲ,
ಒಡೆಯಲೂ ಇಲ್ಲ.
ಚೀಟಿ ಪುಸ್ತಕದ ಕೊನೆಯ ಹಾಳೆಗೆ
ಯಾರದೋ ಚಟ್ನಿಯ ಹೆಬ್ಬೆಟ್ಟು ಬಿತ್ತು.

ರುಚಿ ಹೇಗಿತ್ತೋ. ನನಗಿನ್ನೂ ಒದ್ದೆ ಕಾಗದವೇ.
ಜಯಶೀಲ ಪುರಿ ಕಲೆಸುತ್ತಿದ್ದಳು, ಮೊಣಕೈವರೆಗೆ ಅರಿಶಿನ.
ಆ ಹತ್ತು ಸಾವಿರದ ಮಾತು ಅವಳೆತ್ತಲಿಲ್ಲ, ನಾನೂ.
'ಮುಂದಿನ ಚೀಟಿ ಯಾರ ಮನೇಲಿ?' ಅಂತ
ಯಾರೋ ಕೇಳಿದರು.
ಬಾಯಿ ತುಂಬಿತ್ತು ಎಲ್ಲರದೂ.