ಹೊಟ್ಟೆಯಿಂದ ಹಣೆಗೆ

ಬೆಲೆಂ ಆಸ್ಪತ್ರೆಗೆ ದೋಣಿಯಲ್ಲೇ ಬಂದಳು ಇವನೀಲ್ಡಿ,
ಹದಿನಾಲ್ಕು ಗಂಟೆ, ಜೋಲಿ ಕಟ್ಟಿಕೊಂಡು.
ಮತ್ತೆ ದೋಣಿಯೇ? ಅಂದೆ.
ನದಿ ಬಿಟ್ಟರೆ ನಮಗೆ ಬೇರೆ ರಸ್ತೆ ಎಲ್ಲಿದೆ ಸಿಸ್ಟರ್,
ಅಂದಳು, ತಲೆಯ ಸ್ಕಾರ್ಫು ಬಿಚ್ಚದೆ.

ಒಂಬತ್ತರ ಹುಡುಗಿ, ದೋಣಿಯ ತಳದ ನೀರು ಮೊಗೆಯಲು ಬಗ್ಗಿದ್ದಳಂತೆ.
ಮುಚ್ಚಳವಿಲ್ಲದೆ ತಿರುಗುವ ಮೋಟರಿನ ದಂಡ
ಜಡೆ ಹಿಡಿಯಿತು.
ಅಷ್ಟೇ ಹೇಳಿದಳು.
ಮೂವತ್ತೆರಡು ವರ್ಷದಿಂದ ಅವಳ ಹಣೆ
ಮೂಳೆಗೆ ಅಂಟಿಸಿದ ಹಪ್ಪಳ.
ಗಂಟಿಕ್ಕಲು ಬಾರದು,
ಅಚ್ಚರಿಯಾದರೆ ಬಾಯಿಬಿಟ್ಟೇ ಹೇಳಬೇಕು.

ಡಾಕ್ಟರ್ ತಾರ್ಸೀಲಾ ಹೊಕ್ಕುಳ ಸುತ್ತ ಪೆನ್ನಿನಲ್ಲಿ ಗೆರೆ ಎಳೆದರು.
ನಾಚಿದಳು: ಇವಳಿಗೆ ಕೊಬ್ಬು ಜಾಸ್ತಿ ಅಂತ
ಅತ್ತೆ ದಿನಾ ಬಯ್ಯುತ್ತಿದ್ದಳು.
ಯಾವ ಕೊಬ್ಬು ಅಂತ ನಾನು ಕೇಳಲಿಲ್ಲ.
ಎರಡೂ ಇರಲಿ, ಈ ಮೇಜಿನ ಮೇಲೆ ಎರಡೂ ಬೇಕು.

ಮೊದಲು ಉಪ್ಪುನೀರು, ಅದರೊಳಗೆ ಮರಗಟ್ಟಿಸುವ ಮದ್ದು.
ಚರ್ಮ ಬಿಳಿಚುವವರೆಗೆ ಕಾಯಬೇಕು.
ಕಾಯುತ್ತ ಡಾಕ್ಟರು ಭಾನುವಾರ ಸೋತ ಫುಟ್‌ಬಾಲ್ ಆಟ ಬಯ್ದರು.
ಆಮೇಲೆ ಅಕ್ಕಿಕಾಳಿನಷ್ಟು ಗಾಯ, ಮೊಂಡುತುದಿಯ ಕೊಳವೆ,
ಹೋಗಿ ಬಂದು, ಹೋಗಿ ಬಂದು,
ಕೈಯಲ್ಲೇ ಎಳೆಯುವ ಸಿರಿಂಜು.
ಯಂತ್ರಕ್ಕೆ ಕೊಟ್ಟರೆ ಬೇಗ ಮುಗಿಯುತ್ತದೆ, ಕಣಗಳು ಒಡೆಯುತ್ತವೆ.
ಯಂತ್ರ ಅವಳಿಂದ ಕಿತ್ತದ್ದು ಸಾಕು.

ಸಿರಿಂಜುಗಳನ್ನು ಮೂತಿ ಕೆಳಗಾಗಿ ನಿಲ್ಲಿಸುವುದು ನನ್ನ ಕೆಲಸ.
ಹತ್ತು ನಿಮಿಷ.
ಮೇಲೆ ಎಣ್ಣೆ, ತಳದಲ್ಲಿ ನೆತ್ತರು ಬೆರೆತ ನೀರು,
ನಡುವೆ ಅವಳೂರಿನ ಮರಗೆಣಸಿನ ಹಿಟ್ಟಿನ ಹಳದಿ.
ದಿಟ್ಟಿಸಿದೆ:
ಅಸಾಯಿ ಹಣ್ಣಿನ ಬೆಳಗುಗಳು, ಕರಿದ ಮೀನು,
ಮೂರು ಬಸುರು, ಉಳಿಯದ ಒಂದನ್ನೂ ಸೇರಿಸಿ,
ಹೊಟ್ಟೆ ಬಟ್ಟೆ ಕಟ್ಟಿದ ವರ್ಷಗಳಲ್ಲೂ
ಹೊಟ್ಟೆ ಯಾರಿಗೂ ಹೇಳದೆ ಕದ್ದಿಟ್ಟದ್ದು.
ಎಣ್ಣೆ ಚೆಲ್ಲಿದೆ. ನೀರು ಚೆಲ್ಲಿದೆ.
ಇಪ್ಪತ್ತೆರಡು ಎಮ್ಮೆಲ್ ಉಳಿಯಿತು.

ಹಣೆಯ ಅಡಿಯಲ್ಲಿ ಸಾಲು ಹಿಡಿದು, ಸಾಸಿವೆ ಸಾಸಿವೆಯಷ್ಟೇ.
ಒಂದೆಡೆ ಸುರಿದರೆ ನಡುವಿನದು ಉಸಿರುಕಟ್ಟಿ ಸಾಯುತ್ತದೆ,
ಪ್ರತಿ ಹನಿಗೂ ನೆರೆಯಲ್ಲಿ ನೆತ್ತರು ಸಿಗಬೇಕು.
ಅರ್ಧ ಕರಗಿಹೋಗುತ್ತೆ, ಅಂದರು ಡಾಕ್ಟರು,
ಉಳಿದರ್ಧ ನಿಮ್ಮದು.
ಎಚ್ಚರವಾಗಿಯೇ ಮಲಗಿದ್ದವಳು ಅಂದಳು:
ಹೋಗೋ ಅರ್ಧ ಮತ್ತೆ ಯಾರದು?

ಏಳು ತಿಂಗಳಿಗೆ ಬಂದಳು, ದಪ್ಪಗಾಗಿ.
ಹಣೆಯೂ ದಪ್ಪಗಾಗಿತ್ತು.
ಕಸಿಯಾದರೂ ಅದು ಹೊಟ್ಟೆಯ ಬುದ್ಧಿ ಬಿಡುವುದಿಲ್ಲ,
ಇವಳು ಬಾತಿನ ಸಾರು ಉಂಡರೆ ಅಲ್ಲಿಗೂ ಪಾಲು.
ಹಣೆಯಲ್ಲಿ ಬರೆದದ್ದೇನಿತ್ತೋ, ಮೋಟರು ಒಯ್ದಿತ್ತು,
ಈಗ ಅಲ್ಲಿರುವುದು ಉಂಡದ್ದು.
ಹೆಬ್ಬೆರಳಿಟ್ಟೆ. ಚರ್ಮ ಜಾರಿತು,
ನೆನೆಸಿಟ್ಟ ಅವರೆಯ ಸಿಪ್ಪೆಯ ಹಾಗೆ.

ಹೊರಡುವಾಗ ದೋಣಿಯ ಟಿಕೆಟ್ಟಿನ ಹೊಸ ದರ ಹೇಳಿದೆ.
ಎಷ್ಟು? ಅಂದಳು.
ಎಡಹುಬ್ಬು ಇರಬೇಕಾಗಿದ್ದ ಆ ಬೋಳು ಜಾಗ
ಒಂದು ಕೂದಲೆಳೆಯಷ್ಟು
ಮೇಲೆದ್ದಿತು.