ತೇವಾಂಶ ಇಪ್ಪತ್ತೇಳು

ನಾಜಿಲ್ಲಿಯ ನಮ್ಮ ಅಂಜೂರದ ಗೋದಾಮಿನಲ್ಲಿ
ಒಂದು ಕತ್ತಲೆ ಕೋಣೆ.
ನೇರಳೆ ದೀಪದಡಿ ಹದಿನಾರು ಹೆಂಗಸರು
ಒಣಹಣ್ಣು ಹರವಿಕೊಂಡು ಕೂತಿರುತ್ತಾರೆ.
ವಿಷ ಹೊಕ್ಕ ಹಣ್ಣು ತಾನಾಗಿ ಹೊಳೆಯುತ್ತದೆ,
ಹಸಿರೂ ಅಲ್ಲ ಹಳದಿಯೂ ಅಲ್ಲ, ಬೆಕ್ಕಿನ ಕಣ್ಣು.
ಹೆಕ್ಕಿ ಬುಟ್ಟಿಗೆ ಹಾಕುತ್ತಾರೆ.

ಗೋಡೆಯ ಈಚೆಗೆ ನನ್ನ ಮೇಜು.
ಮುಜೆಯ್ಯನ್, ರಫ್ತು ವಿಭಾಗ.
ವಿಭಾಗ ಅಂದರೆ ನಾನೊಬ್ಬಳೇ.
ಇಂಗ್ಲಿಷಿಗೂ ಅಂಥದೊಂದು ದೀಪ ಇದ್ದಿದ್ದರೆ
ಅಂದುಕೊಳ್ಳುತ್ತೇನೆ, ಪ್ರತಿ ಸಲ
‘ಸೆಂಡ್’ ಒತ್ತುವ ಮುಂಚೆ.

ನಮ್ಮ ಮಾತಿನಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ,
ಎಲ್ಲರ ಊಟವಾದ ಮೇಲೆ ಬಾಗಿಲು ತಟ್ಟುವ ಗಂಡನ ಹಾಗೆ.
ಹಣ ಕಳಿಸಿದರೋ ಕಳಿಸಲಿಲ್ಲವೋ
ಅವನು ಬರುವ ತನಕ ಯಾರಿಗೂ ಗೊತ್ತಿಲ್ಲ.
ಇಂಗ್ಲಿಷಿಗೆ ಅಷ್ಟು ಪುರುಸೊತ್ತಿಲ್ಲ.
ಹೊಸ್ತಿಲಲ್ಲೇ ನಿಲ್ಲಿಸಿ ಕೇಳುತ್ತದೆ.

ಬುಧವಾರ ಸಂಜೆ ವಾಣಿಜ್ಯ ಮಂಡಳಿಯ ಮಾಳಿಗೆಯಲ್ಲಿ ಪಾಠ.
ಮೇಷ್ಟ್ರು ತುಂಜಾಯ್, ನನ್ನ ಮಗನಿಗಿಂತ ಚಿಕ್ಕವನು.
ಆಲಿವ್ ಎಣ್ಣೆಯ ರೆಫಿಕ್, ಟವೆಲ್ ಗಿರಣಿಯ ಶುಕ್ರಿಯೆ,
ಅಮೃತಶಿಲೆ ಕ್ವಾರಿಯಿಂದ ಧೂಳು ಸಮೇತ ಬರುವ ಇಬ್ಬರು ಅಣ್ಣತಮ್ಮಂದಿರು.
ಒಂದು ಪತ್ರಕ್ಕೆ ಒಂದೇ ವಿಷಯ, ಅನ್ನುತ್ತಾನೆ ತುಂಜಾಯ್.
ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ
(ಮೂರು ಬಾರ್ ನಾಲ್ಕು ಏಪ್ರಿಲ್ಲೋ ಮಾರ್ಚೋ ತಿಳಿಯದೆ
ರೆಫಿಕ್‌ನ ಎಣ್ಣೆ ಬಂದರಿನಲ್ಲಿ ತಿಂಗಳು ನಿಂತಿತ್ತು).
ಇಂಗ್ಲಿಷರ ಹಾಗೆ ಬರೆಯುವುದು ಬೇಡ,
ಬುಸಾನಿನ ಗುಮಾಸ್ತನಿಗೆ ತಿಳಿದರೆ ಸಾಕು.
ನನ್ನ ಪತ್ರದಿಂದ ಅವನು ಕೆಂಪು ಶಾಯಿಯಲ್ಲಿ ಕಿತ್ತದ್ದು:
ನಿಮ್ಮ ಕೈಗಳಿಗೆ ಆರೋಗ್ಯವಿರಲಿ.
ನಿಮ್ಮ ಕೆಲಸ ಹಗುರಾಗಲಿ.
ತಾಯಿಯ ಮೊಣಕಾಲು ಈಗ ಹೇಗಿದೆ?

ಪತ್ರ ಮೊದಲಿಗಿಂತ ಬೇಗ ಮುಗಿಯತೊಡಗಿತು.
ಉತ್ತರಗಳೂ ಬೇಗ ಬಂದವು. ಅದು ನಿಜ.

ಆಮೇಲೆ ಹ್ಯಾಂಬರ್ಗಿನಿಂದ ಇದು:
ವಿ ಆರ್ ಅಫ್ರೇಡ್, ತೇವಾಂಶ ಇಪ್ಪತ್ತೇಳು.
ಕೆಳಗೆ ಹೆಸರು, ಡ್ಯೋರ್ಟೆ ಹಿನ್ರಿಕ್ಸ್.
ಮೂರು ಸಲ ಓದಿದೆ. ನಿಘಂಟು ತೆರೆದೆ.
ಅಫ್ರೇಡ್ ಅಂದರೆ ಹೆದರಿದವರು.
ಕಣ್ಣಮುಂದೆ ಬಂತು, ಹಡಗುಕಟ್ಟೆಯ ಪಕ್ಕದ ಕಟ್ಟಡ,
ನಾಲ್ಕೂ ಮಹಡಿಯ ಜನ
ನನ್ನ ಅಂಜೂರಕ್ಕೆ ಹೆದರಿ ಕಿಟಕಿ ಮುಚ್ಚಿಕೊಂಡದ್ದು.
ಬರೆದೆ: ಪ್ಲೀಸ್, ಡೋಂಟ್ ಬಿ ಅಫ್ರೇಡ್.
ಐ ಆಮ್ ಹಿಯರ್.

ತುಂಜಾಯ್ ತಲೆಯ ಮೇಲೆ ಕೈ ಹೊತ್ತ.
ಅಕ್ಕಾ, ಅದು ಭಯವಲ್ಲ,
ನಯವಾಗಿ ಬೈಯುವ ರೀತಿ.
ಕ್ವಾರಿ ಅಣ್ಣತಮ್ಮಂದಿರು ನಕ್ಕರು, ನಾನೂ ನಕ್ಕೆ,
ಕಿವಿ ಮಾತ್ರ ರಾತ್ರಿಯವರೆಗೆ ಬಿಸಿ.

ಎರಡು ದಿನ ಏನೂ ಇಲ್ಲ.
ಮೂರನೆಯ ದಿನ:
ಬೆಲೆಯಲ್ಲಿ ಶೇಕಡಾ ಮೂರು ಇಳಿಸಿ.
ಆಮೇಲೆ ಒಂದು ಖಾಲಿ ಸಾಲು.
ಆಮೇಲೆ, ಯಾರೂ ನನಗೆ ಹೀಗೆ ಬರೆಯಲಿಲ್ಲ ಸಿನ್ಸ್ ಲಾಂಗ್ ಟೈಮ್.
ಗುರುವಾರ ಡಾಕ್ಟರು ಫೋನ್ ಮಾಡುತ್ತಾರೆ.

ಸಿನ್ಸ್ ಲಾಂಗ್ ಟೈಮ್!
ತುಂಜಾಯ್ ಇದ್ದರೆ ಕೆಂಪು ಶಾಯಿ ತೆಗೆಯುತ್ತಿದ್ದ.
ಅಂದರೆ ಆಕೆಯೂ ಕಲಿತವಳೇ,
ಯಾವುದೋ ಬುಧವಾರ, ಯಾವುದೋ ಮಾಳಿಗೆಯಲ್ಲಿ,
ಯಾರೋ ಆಕೆಯ ಅಮ್ಮನ ಮೊಣಕಾಲನ್ನೂ ಹೊಡೆದುಹಾಕಿದ್ದಾರೆ.

ಒಂದು ಪತ್ರಕ್ಕೆ ಒಂದೇ ವಿಷಯ. ಹಾಗಾಗಿ ಎರಡು ಪತ್ರ.
ಮೊದಲನೆಯದು: ಶೇಕಡಾ ಮೂರು ಒಪ್ಪಿದ್ದೇವೆ, ಕ್ರೆಡಿಟ್ ನೋಟ್ ಲಗತ್ತಿಸಿದೆ.
ಒಂದೂ ತಪ್ಪಿಲ್ಲ.
ಎರಡನೆಯದಕ್ಕೆ ಮಧ್ಯಾಹ್ನವೆಲ್ಲ ಹಿಡಿಯಿತು.
ಕಾಯಿಲೆಯವರಿಗೆ ನಾವು ಹೇಳುವ ಮಾತೊಂದಿದೆ,
ಆಗಲೇ ಕಳೆದುಹೋದದ್ದಾಗಿರಲಿ ಎಂಬಂಥದ್ದು.
ಇಂಗ್ಲಿಷಿನಲ್ಲಿ ಅದಕ್ಕೆ ಜಾಗ ಹುಡುಕಿದೆ.
ಗೆಟ್ ವೆಲ್ ಸೂನ್ ಅಂದರೆ ಆಕೆಯೇ ಮೈ ಬಗ್ಗಿಸಬೇಕು,
ನಮ್ಮದರಲ್ಲಿ ಹೋಗಬೇಕಾದದ್ದು ಕಾಯಿಲೆ.
ಕಡೆಗೆ ಬರೆದೆ: ಲೆಟ್ ಇಟ್ ಬಿ ಆಲ್ರೆಡಿ ಪಾಸ್ಟ್.
ನೇರಳೆ ದೀಪಕ್ಕೆ ಹಿಡಿದರೆ ಖಂಡಿತ ಹೊಳೆಯುತ್ತದೆ.
ಕಳಿಸಿದೆ.

ಶುಕ್ರವಾರ ಎರಡನೇ ಕಂಟೇನರಿನ ಬುಕಿಂಗ್ ಬಂತು,
ತಿಂಗಳು ಅಕ್ಷರದಲ್ಲಿ.
ಗುರುವಾರದ ಸುದ್ದಿ ಇಲ್ಲ.
ಗೋಡೆಯಾಚೆ ಬುಟ್ಟಿ ತುಂಬುತ್ತಿದೆ.
ಕ್ರಿಯಾಪದ ಇನ್ನೂ ಬರಬೇಕು.