ದಾಖಲಾತಿ ಪುಸ್ತಕ

ರಾಬರ್ಟ್‌ಸನ್‌ಪೇಟೆ ಶಾಲೆ. ಜೂನ್. ಕರೆಂಟಿಲ್ಲ.
ಹುಡುಗಿ ಹೆಸರು ಹೇಳಿದಳು:
ತೇನ್‌ಮೊ... ಆಮೇಲೆ ನಾಲಿಗೆ
ಹಿಂದಕ್ಕೆ ಮಡಿಚಿ, ಅಂಗುಳ ಮುಟ್ಟದೆ
ಜಾರಿತು.

ರೇಷನ್ ಕಾರ್ಡಿನಲ್ಲಿ ಳಿ,
ಆಸ್ಪತ್ರೆ ಚೀಟಿಯಲ್ಲಿ ಲಿ,
ಜೊತೆಗೆ ಬಂದ ಅಜ್ಜಿಯ ಬಾಯಲ್ಲಿ ಯಿ.
"ಯಾವುದಮ್ಮಾ ಸರಿ?"
"ಯಾವುದೂ ಅಲ್ಲ ಮಿಸ್."

ಪೆನ್ನು ಹಿಡಿದು ಕೂತೆ.
ನಮ್ಮೂರ ಬದುವಿನ ವೀರಗಲ್ಲಿಗೆ
ಸುಣ್ಣದ ಪುಡಿ ತಿಕ್ಕಿ ಅಪ್ಪ ತೋರಿಸಿದ್ದ
ಕಾಗುಣಿತಕ್ಕೆ ಸಿಗದ ಒಂದಕ್ಷರ.
"ಇದು ಸತ್ತಿದೆ, ಕಲೀಬೇಡ" ಅಂದಿದ್ದ.
ಸತ್ತದ್ದು ಇಲ್ಲಿ, ಎರಡು ಜಡೆ ಹಾಕಿಕೊಂಡು,
ಉಗುರು ಕಚ್ಚುತ್ತ ನಿಂತಿದೆ.

ಬರೆದೆ: ತೇನ್‌ಮೊೞಿ.
ಆಫೀಸಿನವರು ಕೆಂಪು ಗೆರೆ ಎಳೆಯುತ್ತಾರೆ,
ಎಳೆಯಲಿ.
ಹುಡುಗಿ ಬಗ್ಗಿ ನೋಡಿದಳು,
"ಇದೇನ್ ಮಿಸ್, ಇಂಗೈತೆ?"

ಅಜ್ಜಿ ಏನೂ ಕೇಳಲಿಲ್ಲ.
ಅದರ ಪಕ್ಕದಲ್ಲೇ
ಹೆಬ್ಬೆಟ್ಟು ಒತ್ತಿದಳು.